72 ಮಕ್ಕಳು, 40 ನಿಮಿಷ: ಮಾತಿನ ಇಂಗ್ಲಿಷಿಗೆ ಅಂಕ ಕೊಡಲು ಹೊರಟವರ ಕಥೆ

ನಮ್ಮ ಶಾಲೆಗೆ 50 ವರ್ಷ ತುಂಬಿದೆ. ಇಷ್ಟು ವರ್ಷಗಳಲ್ಲಿ ಇಲ್ಲಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೋದ ನಾವೆಲ್ಲರೂ ಇಂಗ್ಲಿಷ್ ಪರೀಕ್ಷೆ ಬರೆದಿದ್ದೇವೆ. 'ಬರೆದಿದ್ದೇವೆ' ಎಂಬ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಪದ್ಯ ಬಾಯಿಪಾಠ ಬರೆದೆವು, ಪತ್ರ ಬರೆದೆವು, ಪ್ರಬಂಧ ಬರೆದೆವು, ಕೆಲವರು 90ರ ಮೇಲೆ ಅಂಕ ತೆಗೆದು ಊರಿನವರಿಂದ ಶಹಬ್ಬಾಸ್ ಎನ್ನಿಸಿಕೊಂಡೆವು. ಆದರೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡು ನೋಡೋಣ ಎಂದು ಕೂರಿಸಿ, ಕೇಳಿ, ಅಂಕ ಹಾಕಿದ ಪರೀಕ್ಷೆ ನನ್ನ ಕಾಲದಲ್ಲಿ ಒಂದೂ ನಡೆಯಲಿಲ್ಲ. ಪಿ.ಯು.ಸಿ.ಗೆ, ಡಿಪ್ಲೊಮಾಗೆ, ಕೆಲಸಕ್ಕೆ ಎಂದು ಪೇಟೆಗೆ ಹೋದ ಮೇಲೆ ನಮ್ಮ ಮಕ್ಕಳು ಎಡವುವುದು ಮಾತ್ರ ಆ ಮಾತಿನ ಜಾಗದಲ್ಲೇ.

ಇದಕ್ಕೆ ಮೇಷ್ಟ್ರುಗಳನ್ನು ದೂರುವುದು ಸುಲಭ. ನಾನು ದೂರುವುದಿಲ್ಲ. ನಮ್ಮ ಸೆಕ್ಷನ್ನಿನಲ್ಲಿ 72 ಜನ ಇದ್ದೆವು, ಒಂದು ಪೀರಿಯಡ್ಡಿಗೆ 40 ನಿಮಿಷ. ಮೇಷ್ಟ್ರು ಹಾಜರಿಯನ್ನೂ ಕರೆಯದೆ, ಪಾಠವನ್ನೂ ಮಾಡದೆ, ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದ್ದರೂ ಒಬ್ಬನ ಪಾಲಿಗೆ ಬರುತ್ತಿದ್ದದ್ದು 33 ಸೆಕೆಂಡು. ಎದ್ದು ನಿಂತು, ಅಂಗಿ ಸರಿ ಮಾಡಿಕೊಂಡು, ಪಕ್ಕದವನ ನಗುವನ್ನು ನುಂಗಿಕೊಳ್ಳುವುದಕ್ಕೇ ಅದು ಸಾಲದು. ಹಾಗಾದರೆ ದೊಡ್ಡ ತರಗತಿಯಲ್ಲಿ ಮಾತಿನ ಪರೀಕ್ಷೆ ಆಗುವ ಕೆಲಸವೇ ಅಲ್ಲವೇ? ಈ ಪ್ರಶ್ನೆ ಹಿಡಿದು ನಾನು ಓದಿಕೊಂಡ ಚರಿತ್ರೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಅದರ ಆರಂಭದ ಒಂದು ತುಂಡು ನಮ್ಮ ಬಳ್ಳಾರಿಯಲ್ಲೇ ಇದೆ ಎಂಬುದು ನನಗೇ ಆಶ್ಚರ್ಯ ತಂದ ಸಂಗತಿ.

1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ತನ್ನ ಆಳ್ವಿಕೆಯ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಕಲಿಯುತ್ತಿದ್ದಾರೆ ಎಂದು ಕಲೆಕ್ಟರುಗಳಿಂದ ಲೆಕ್ಕ ತರಿಸಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಕಳಿಸಿದ ವರದಿ ಇವತ್ತಿಗೂ ಓದಲು ಸಿಗುತ್ತದೆ. ಧರಂಪಾಲ್ ಅವರು 1983ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಎಲ್ಲರಿಗೂ ಪರಿಚಯವಾಯಿತು. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಅದರಲ್ಲಿ ಕನ್ನಡದವು 235, ತೆಲುಗಿನವು 226. ಮಿಕ್ಕವು ಮರಾಠಿ, ಪರ್ಷಿಯನ್, ಸಂಸ್ಕೃತ, ತಮಿಳು. ಇಂಗ್ಲಿಷ್ ಶಾಲೆ ಒಂದೇ ಒಂದು!

ಕ್ಯಾಂಬೆಲ್ ಬರೀ ಲೆಕ್ಕ ಕೊಟ್ಟು ಸುಮ್ಮನಾಗಲಿಲ್ಲ. ಆ ಶಾಲೆಗಳು ನಡೆಯುತ್ತಿದ್ದ ಕ್ರಮವನ್ನೂ ವಿವರಿಸಿದ. ನಮ್ಮ ಅಜ್ಜಂದಿರು ಕೂಲಿಮಠ ಎಂದು ಕರೆಯುತ್ತಿದ್ದುದು ಇದನ್ನೇ. ಜಗಲಿಯ ಮೇಲೆ ಶಾಲೆ, ನೆಲದ ಮೇಲೆ ಮರಳು, ಬೆರಳಲ್ಲಿ ಅಕ್ಷರ. ಅಕ್ಷರ ಬಲ್ಲ ಹಿರಿಯ ಹುಡುಗ ಕಿರಿಯನಿಗೆ ತಿದ್ದಿಸುತ್ತಿದ್ದ. ಐಗಳು ಎಲ್ಲರ ಮೇಲೂ ಒಂದು ಕಣ್ಣಿಟ್ಟು ಕೂತಿರುತ್ತಿದ್ದರು. ಈ ಕ್ರಮವನ್ನು ಕ್ಯಾಂಬೆಲ್ ಮೆಚ್ಚಿದ, ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದೂ ಹೇಳಿದ. ಅದೇ ವರದಿಯಲ್ಲಿ ಬಡತನದಿಂದ ಶಾಲೆಗಳು ಕುಸಿಯುತ್ತಿವೆ ಎಂಬ ಮಾತೂ ಇದೆ. ಹೊಗಳಿಕೆಯೊಂದನ್ನೇ ಎತ್ತಿ ತೋರಿಸುವವರು ಇದನ್ನು ಬಿಟ್ಟುಬಿಡುತ್ತಾರೆ.

ಇಂಗ್ಲೆಂಡಿನವರು ಅನುಕರಿಸಿದ್ದು ಹೇಗೆ? ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಕನಾದ. ಅಲ್ಲಿನ ಮೇಷ್ಟ್ರುಗಳಿಂದ ಅವನಿಗೆ ಬೇಕಾದಂತೆ ಕೆಲಸ ಆಗುತ್ತಿರಲಿಲ್ಲ. ಒಂದು ದಿನ ಊರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ಜಾರಿಗೆ ತರಲು ಹೊರಟ. ಮೇಷ್ಟ್ರು ಒಪ್ಪಲಿಲ್ಲ. ಆಗ ಬೆಲ್, ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಅಕ್ಷರ ಕಲಿಯುವ ತರಗತಿಗೆ ಮೇಷ್ಟ್ರು ಮಾಡಿಬಿಟ್ಟ. ಹುಡುಗ ಗೆದ್ದ. ಅಲ್ಲಿಂದ ಇಡೀ ಶಾಲೆಯೇ ಆ ದಾರಿ ಹಿಡಿಯಿತು. 1796ರಲ್ಲಿ ಊರಿಗೆ ಮರಳಿದ ಬೆಲ್ ಮರುವರ್ಷ ಈ ಪ್ರಯೋಗದ ಬಗ್ಗೆ ಒಂದು ಪುಸ್ತಿಕೆ ಅಚ್ಚು ಮಾಡಿಸಿದ. ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ಲಂಡನ್ನಿನಲ್ಲಿ ಇಂಥದೇ ಕ್ರಮದಲ್ಲಿ, ಒಬ್ಬನೇ ಮೇಷ್ಟ್ರು ಇದ್ದು, ನೂರಾರು ಮಕ್ಕಳಿಗೆ ಕಲಿಸತೊಡಗಿದ. ಬೆಲ್ಲನದು 'ಮದ್ರಾಸ್ ಪದ್ಧತಿ' ಎಂದು ಹೆಸರಾಗಿ ಹಲವು ದೇಶಗಳಿಗೆ ಹರಡಿತು.

ನನ್ನ ಪ್ರಶ್ನೆಗೆ ಬೇಕಾದ ಭಾಗ ಈ ಪದ್ಧತಿಯಲ್ಲೇ ಇದೆ. ಅಲ್ಲಿ ಪರೀಕ್ಷೆ ಎಂದು ವರ್ಷಕ್ಕೊಂದು ದಿನ ಇರಲಿಲ್ಲ. ಪ್ರತಿ ಪಾಠದಲ್ಲೂ ಮಕ್ಕಳು ಬಾಯಲ್ಲಿ ಒಪ್ಪಿಸಬೇಕು. ಒಬ್ಬ ತಪ್ಪಿದರೆ ಅದನ್ನು ಸರಿಯಾಗಿ ಹೇಳಿದವನು ಅವನಿಗಿಂತ ಮೇಲಿನ ಜಾಗಕ್ಕೆ ಹೋಗಿ ಕೂರಬೇಕು. ಹೀಗಾಗಿ ಯಾರು ಎಲ್ಲಿ ಕೂತಿದ್ದಾನೆ ಎಂಬುದೇ ಅವನ ಅಂಕ. ಪ್ರತಿದಿನದ ಪಾಠದ ಲೆಕ್ಕ ಒಂದು ಪುಸ್ತಕದಲ್ಲಿ. ಎಲ್ಲರನ್ನೂ ಮೇಷ್ಟ್ರೇ ಕೇಳಬೇಕೆಂದಿಲ್ಲ, ಕೇಳುವ ಕಿವಿಗಳನ್ನು ಹಂಚಬಹುದು ಎಂಬುದು ಇದರ ತಿರುಳು. ಕಂಪ್ಯೂಟರ್ ಕೆಲಸದಲ್ಲಿರುವ ನಮಗೆ ಇದು ಹೊಸದಲ್ಲ. ಒಂದು ಯಂತ್ರಕ್ಕೆ ಹೊರೆ ಹೆಚ್ಚಾದರೆ ಹತ್ತಕ್ಕೆ ಹಂಚುತ್ತೇವೆ.

ಆದರೆ ಬೆಲ್, ಲ್ಯಾಂಕಾಸ್ಟರ್ ಇಬ್ಬರೂ ಅದನ್ನು ಕೊಂಡೊಯ್ದ ಜಾಗ ಬೇರೆ. ಬಳ್ಳಾರಿಯ ಲೆಕ್ಕವನ್ನೇ ಭಾಗಿಸಿ ನೋಡಿ, ಒಂದು ಶಾಲೆಗೆ ಸರಾಸರಿ 12 ಮಕ್ಕಳು. ಬೇರೆ ಬೇರೆ ವಯಸ್ಸಿನ ಹನ್ನೆರಡು ಮಕ್ಕಳ ನಡುವೆ ಹಿರಿಯವನು ಕಿರಿಯವನ ಕೈ ಹಿಡಿದು ತಿದ್ದಿಸುವುದು ಮನೆಯ ಕೆಲಸದ ಹಾಗೆ. ಅದನ್ನೇ ಐನೂರು ಮಕ್ಕಳಿಗೆ ಹಿಗ್ಗಿಸಿದಾಗ ಅದು ಕವಾಯತು ಆಯಿತು. ಅರ್ಥ ತಿಳಿಯದ ಬಾಯಿಪಾಠ ಉಳಿಯಿತು, ಮಾತು ಉಳಿಯಲಿಲ್ಲ. 19ನೇ ಶತಮಾನದ ನಡುವಿನ ಹೊತ್ತಿಗೆ ಇಂಗ್ಲೆಂಡಿನವರೇ ಅದನ್ನು ಕೈಬಿಟ್ಟು ತರಬೇತಾದ ಮೇಷ್ಟ್ರುಗಳ ದಾರಿ ಹಿಡಿದರು.

ಅಷ್ಟರಲ್ಲಿ ನಮ್ಮ ಕಡೆ ಇಂಗ್ಲಿಷಿನ ಬೇಡಿಕೆ ಬೇರೆಯೇ ಕಾರಣಕ್ಕೆ ಏರತೊಡಗಿತ್ತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲೇ ಇಂಗ್ಲಿಷ್ ಶಾಲೆ ತೆರೆಸಿದ್ದರು. 1835ರ ಮೆಕಾಲೆ ಟಿಪ್ಪಣಿ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1844ರಲ್ಲಿ ಹಾರ್ಡಿಂಜ್ ಹೊರಡಿಸಿದ ಆದೇಶ. ಇಂಗ್ಲಿಷ್ ಕಲಿತವರಿಗೆ ಸರ್ಕಾರಿ ನೌಕರಿಯಲ್ಲಿ ಮೊದಲ ಆದ್ಯತೆ ಎಂದಿತು ಅದು. ಕಚೇರಿಯ ಗುಮಾಸ್ತನಿಗೆ ಬೇಕಾದ್ದು ಅರ್ಜಿ ಓದುವುದು, ನಕಲು ಮಾಡುವುದು, ಪತ್ರ ಬರೆಯುವುದು. 1857ರಲ್ಲಿ ಮದ್ರಾಸ್, ಬೊಂಬಾಯಿ, ಕಲ್ಕತ್ತ ವಿಶ್ವವಿದ್ಯಾಲಯಗಳು ಹುಟ್ಟಿದವು, ಮೆಟ್ರಿಕ್ಯುಲೇಷನ್ ಪರೀಕ್ಷೆ ಬಂತು. ಸಾವಿರಾರು ಹುಡುಗರನ್ನು ದೂರದ ಊರಿನಲ್ಲಿ ಕೂತು ಅಳೆಯಬೇಕಾದರೆ ಉತ್ತರಪತ್ರಿಕೆಯೇ ಅನುಕೂಲ. ಅದನ್ನು ಕಟ್ಟು ಕಟ್ಟಿ ಟಪಾಲಿನಲ್ಲಿ ಕಳಿಸಬಹುದು, ಮಾತನ್ನು ಕಳಿಸಲಾಗದು. ಪರೀಕ್ಷೆಯಲ್ಲಿ ಇಲ್ಲದ್ದು ತರಗತಿಯಲ್ಲೂ ಇಲ್ಲವಾಯಿತು.

ಮಾತಿಗೆ ಅಂಕ ಕೊಟ್ಟ ಪರೀಕ್ಷೆ ಆ ಕಾಲದಲ್ಲಿ ಇರಲೇ ಇಲ್ಲವೆಂದಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ 1913ರಲ್ಲಿ, ಪರಭಾಷಿಕರ ಇಂಗ್ಲಿಷ್ ಎಷ್ಟರಮಟ್ಟಿಗಿದೆ ಎಂದು ನೋಡಲು ಒಂದು ಪರೀಕ್ಷೆ ನಡೆಸಿತು. ಒಟ್ಟು 12 ಗಂಟೆಯ ಪರೀಕ್ಷೆ. ಅದರಲ್ಲಿ ಅರ್ಧ ಗಂಟೆ ಉಕ್ತಲೇಖನ, ಇನ್ನರ್ಧ ಗಂಟೆ ಗಟ್ಟಿಯಾಗಿ ಓದುವುದು ಮತ್ತು ಸಂಭಾಷಣೆ. ಕೂತವರು ಮೂರೇ ಜನ, ಮೂವರೂ ಫೇಲು! ಮೂವರಿದ್ದರೆ ಅರ್ಧ ಗಂಟೆ ಕೂತು ಕೇಳಬಹುದು.

ದೊಡ್ಡ ತರಗತಿಯ ಕಷ್ಟವನ್ನು ಮೊದಲು ಬಾಯಿಬಿಟ್ಟು ಹೇಳಿದವರಲ್ಲಿ ಮೈಕೇಲ್ ವೆಸ್ಟ್ ಒಬ್ಬ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದವನು. ಬಂಗಾಳದ ಮಕ್ಕಳ ಬಗ್ಗೆ 1926ರಲ್ಲಿ ಬಂದ ಅವನ ಗ್ರಂಥದಲ್ಲಿ ಒಂದು ವಿಮೆಯ ಪದ ಬರುತ್ತದೆ, ಸರೆಂಡರ್ ವ್ಯಾಲ್ಯೂ. ಎಲ್.ಐ.ಸಿ. ಪಾಲಿಸಿಯನ್ನು ನಡುವೆ ಬಿಟ್ಟರೆ ಕೈಗೆ ಎಷ್ಟು ಬರುತ್ತದೆ ಎಂದು ನಾವು ಕೇಳುವುದಿಲ್ಲವೇ, ಹಾಗೆಯೇ ಶಾಲೆಯನ್ನು ನಡುವೆ ಬಿಟ್ಟುಹೋಗುವ ಮಗುವಿನ ಕೈಯಲ್ಲಿ ಎಷ್ಟು ಇಂಗ್ಲಿಷ್ ಉಳಿಯುತ್ತದೆ ಎಂದು ಅವನು ಕೇಳಿದ. ಅವನ ಉತ್ತರ: ಮೊದಲು ಓದುವುದನ್ನು ಕಲಿಸಿ, ಅರ್ಧಕ್ಕೆ ಬಿಟ್ಟರೂ ಅದು ಉಪಯೋಗಕ್ಕೆ ಬರುತ್ತದೆ. 1960ರಲ್ಲಿ ಅವನು ಕಷ್ಟದ ಪರಿಸ್ಥಿತಿಯಲ್ಲಿ ಇಂಗ್ಲಿಷ್ ಕಲಿಸುವುದರ ಬಗ್ಗೆಯೇ ಇನ್ನೊಂದು ಪುಸ್ತಕ ಬರೆದ. ಕಷ್ಟದ ತರಗತಿ ಎಂದರೆ ಅವನ ಲೆಕ್ಕದಲ್ಲಿ 30ಕ್ಕಿಂತ ಹೆಚ್ಚು, ಸಾಮಾನ್ಯವಾಗಿ 40, ಕೆಲವೆಡೆ 50 ಮಕ್ಕಳು ಬೆಂಚುಗಳಲ್ಲಿ ಒತ್ತಿಕೊಂಡು ಕೂತಿರುವುದು. ನಮ್ಮ 72ನ್ನು ನೋಡಿದ್ದರೆ ಏನೆನ್ನುತ್ತಿದ್ದನೋ!

ವೆಸ್ಟನ ವಾದ ಅವನ ಕಾಲಕ್ಕೆ ಸರಿಯೇ ಇತ್ತು ಎನ್ನಿಸುತ್ತದೆ. 1926ರ ಬಂಗಾಳದ ಹಳ್ಳಿ ಹುಡುಗ ಇಂಗ್ಲಿಷಿನಲ್ಲಿ ಯಾರ ಜೊತೆ ಮಾತಾಡಬೇಕಿತ್ತು? ಇವತ್ತು ಲೆಕ್ಕ ತಿರುಗಿದೆ. ಹತ್ತನೇ ತರಗತಿಗೆ ಬಿಟ್ಟು ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೋ ಆಸ್ಪತ್ರೆಯ ಕೌಂಟರಿಗೋ ಸೇರುವ ನಮ್ಮೂರ ಮಕ್ಕಳಿಗೆ ಪ್ರಬಂಧ ಬರೆಯುವ ಕೆಲಸವೇ ಬೀಳುವುದಿಲ್ಲ. ಫೋನಿನಲ್ಲಿ ಮೂರು ಮಾತು ಹೇಳಬೇಕು, ಎದುರಿನವರು ಹೇಳಿದ್ದು ತಿಳಿಯಬೇಕು. ಸರೆಂಡರ್ ವ್ಯಾಲ್ಯೂ ಈಗ ಮಾತಿನಲ್ಲಿದೆ.

ಸ್ವಾತಂತ್ರ್ಯದ ನಂತರ ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಬಂತು, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. ನಮ್ಮ ಅನೇಕ ಮೇಷ್ಟ್ರುಗಳು ಜ್ಞಾನಭಾರತಿಯ ಈ ಸಂಸ್ಥೆಗೆ ತರಬೇತಿಗೆ ಹೋಗಿ ಬಂದವರೇ. ಹೈದರಾಬಾದಿನ ಸಂಸ್ಥೆಯಿಂದ 1969ರಲ್ಲಿ ಆರ್.ಕೆ. ಬನ್ಸಾಲ್ ಅವರ ಒಂದು ಅಧ್ಯಯನ ಹೊರಬಂತು. ಭಾರತೀಯರ ಇಂಗ್ಲಿಷ್ ಪರದೇಶದವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಅವರು ನೋಡಿದ್ದರು. ಅರ್ಥವಾಗದೆ ಹೋಗುವುದಕ್ಕೆ ಅವರು ಕಂಡ ದೊಡ್ಡ ಕಾರಣಗಳಲ್ಲೊಂದು, ಪದದ ಯಾವ ಭಾಗವನ್ನು ಒತ್ತಿ ಹೇಳುತ್ತೇವೆ ಎಂಬುದು. ನಾವು 'ಸ್ಕೂಲ'ನ್ನು 'ಇಸ್ಕೂಲು' ಎನ್ನುತ್ತೇವೆ ಎಂದು ನಗುವವರು ಈ ಕಡೆ ಗಮನ ಕೊಟ್ಟಿದ್ದರೆ ಚೆನ್ನಾಗಿತ್ತು. ನಗು ಬೀಳುವುದು ಒಂದು ಕಡೆ, ತೊಂದರೆ ಇರುವುದು ಇನ್ನೊಂದು ಕಡೆ.

ಬೆಂಗಳೂರಿನ ಹೆಸರು ಪ್ರಪಂಚದ ಭಾಷಾಶಿಕ್ಷಣದ ಪುಸ್ತಕಗಳಲ್ಲಿ ಸೇರಿರುವುದು ಐ.ಟಿ.ಯಿಂದಲ್ಲ, ಎನ್.ಎಸ್. ಪ್ರಭು ಅವರಿಂದ. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದ ಕಡೆ ಸಾಮಾನ್ಯ ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗಕ್ಕೆ 'ಬೆಂಗಳೂರು ಯೋಜನೆ' ಎಂದೇ ಹೆಸರು. ವ್ಯಾಕರಣದ ಪಾಠವಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಕೊಟ್ಟು ಲೆಕ್ಕ ಬಿಡಿಸಲು ಹೇಳುವುದು. ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಮಾತಾಡುತ್ತಾ ಒಂದನ್ನು ಬಿಡಿಸುತ್ತಾರೆ, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಮಾಡುತ್ತಾರೆ. ಅಂಕ ಭಾಷೆಗಲ್ಲ, ಕೆಲಸ ಸರಿಯಾಯಿತೇ ಎಂಬುದಕ್ಕೆ. ರೈಲು ಎಷ್ಟು ಗಂಟೆಗೆ ಎಂಬ ಉತ್ತರ ಸರಿ ಬಂದರೆ ಕೇಳಿದ್ದು ಅರ್ಥವಾಗಿದೆ ಎಂದೇ ತಾನೇ? ದೊಡ್ಡ ತರಗತಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಅಳೆಯಲು ಇದೊಂದು ಜಾಣ ಉಪಾಯ.

ಒಂದು ವಿಷಯದಲ್ಲಿ ಪ್ರಭು ಅವರು ಬೆಲ್ಲನಿಗೆ ಪೂರ್ತಿ ಎದುರು. ಮಕ್ಕಳನ್ನು ಗುಂಪು ಮಾಡಿ ಇಂಗ್ಲಿಷಿನಲ್ಲಿ ಮಾತಾಡಲು ಬಿಟ್ಟರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತದೆ, ಮೇಷ್ಟ್ರ ಮಾತು ಕೇಳುವುದೇ ಮೇಲು ಎಂಬುದು ಅವರ ನಿಲುವು. ಮೇಷ್ಟ್ರಿಗೆ ಇಂಗ್ಲಿಷ್ ಸಲೀಸಾಗಿದ್ದ ಕಡೆ ಅದು ಸರಿ. ಆದರೆ ತಪ್ಪು ಅಂಟುತ್ತದೆಂದು ಬಾಯಿ ಮುಚ್ಚಿಸಿದರೆ ಮಾತೇ ಹುಟ್ಟುವುದಿಲ್ಲ. ಬಾವಿಗೆ ಇಳಿಯದೆ ಈಜು ಕಲಿತವರನ್ನು ನಾನು ನಮ್ಮೂರಲ್ಲಿ ಕಂಡಿಲ್ಲ. ಈ ಒಂದು ಮಾತಿನಲ್ಲಿ ನಾನು ಎಂಟು ವರ್ಷದ ಫ್ರಿಸ್ಕೆನ್ನನ ಪಕ್ಷ.

ಹೊರಗಿನ ಪ್ರಪಂಚವೂ ನಮಗಿಂತ ಬಹಳ ಮುಂದೇನೂ ಇರಲಿಲ್ಲ. ಅಮೆರಿಕಕ್ಕೆ ಓದಲು ಹೋಗುವವರ ಟೋಫೆಲ್ ಪರೀಕ್ಷೆ 1964ರಲ್ಲಿ ಶುರುವಾಯಿತು. ಅದರಲ್ಲಿ ಮಾತಿನ ಭಾಗ ಸೇರಿದ್ದು 2005ರಲ್ಲಿ, 41 ವರ್ಷಗಳ ನಂತರ. ಅದುವರೆಗೆ ಮಾತಿನ ಪರೀಕ್ಷೆ ಬೇಕಾದವರು ಬೇರೆಯಾಗಿ ಬರೆಯಬೇಕಿತ್ತು. 1980ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ಮತ್ತು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ದೊಡ್ಡ ತರಗತಿಗಳ ಮೇಲೆಯೇ ಒಂದು ಸಂಶೋಧನೆ ನಡೆಸಿದರು. ಎಷ್ಟು ಮಕ್ಕಳಿದ್ದರೆ 'ದೊಡ್ಡ' ತರಗತಿ ಎಂಬುದಕ್ಕೆ ಒಬ್ಬೊಬ್ಬ ಮೇಷ್ಟ್ರು ಒಂದೊಂದು ಉತ್ತರ ಕೊಡುತ್ತಾರೆ, ಅದು ಅವರವರ ಅಭ್ಯಾಸ ಎಂದು ಅದರಲ್ಲಿ ಕಂಡುಬಂತು.

ಇನ್ನು ಯಂತ್ರದ ವಿಷಯ. ಇದು ನನ್ನ ಕಸುಬಿಗೆ ಹತ್ತಿರವಾದ್ದರಿಂದ ಎರಡು ಮಾತು. ಬಿ.ಇ. ಮುಗಿಯುವ ಹೊತ್ತಿಗೆ ನಮಗೆಲ್ಲ ಹೆಡ್‌ಫೋನ್ ಹಾಕಿ ಕೂರಿಸಿ ಯಂತ್ರದ ಎದುರು ಇಂಗ್ಲಿಷ್ ಮಾತಾಡಿಸುವ ಪರೀಕ್ಷೆ ಮಾಡಿದರು. ಇಂಥ ಪರೀಕ್ಷೆಯ ಮೂಲ 1990ರ ದಶಕದಲ್ಲಿ ಅಮೆರಿಕದ ಆರ್ಡಿನೇಟ್ ಎಂಬ ಕಂಪನಿ ಮಾಡಿದ ಫೋನ್‌ಪಾಸ್. ಅದೇ ಮುಂದೆ ವರ್ಸಂಟ್ ಆಯಿತು. ಫೋನಿನಲ್ಲಿ ವಾಕ್ಯ ಓದಬೇಕು, ಕೇಳಿದ ವಾಕ್ಯವನ್ನು ಹಾಗೆಯೇ ತಿರುಗಿ ಹೇಳಬೇಕು, ಚೆಲ್ಲಾಪಿಲ್ಲಿಯಾದ ಪದಗಳನ್ನು ಜೋಡಿಸಿ ಹೇಳಬೇಕು, ಪುಟ್ಟ ಕಥೆ ಕೇಳಿ ಒಪ್ಪಿಸಬೇಕು. ಯಂತ್ರ ಉಚ್ಚಾರಣೆ, ಓಘ, ಪದಸಂಪತ್ತು, ವಾಕ್ಯರಚನೆ ನೋಡಿ ಅಂಕ ಹಾಕುತ್ತದೆ. ಕೇಳಿದ್ದನ್ನು ತಿರುಗಿ ಹೇಳು ಎಂಬುದನ್ನು ನೋಡಿ ನನಗೆ ನಗು ಬಂತು. ಒಬ್ಬ ಹೇಳಿ ಉಳಿದವರೆಲ್ಲ ಹೇಳುತ್ತಿದ್ದ ನಮ್ಮ ಮಗ್ಗಿಯ ಕ್ರಮವೇ ಅದು. ಆದರೆ ಅದು ಸುಳ್ಳು ಪರೀಕ್ಷೆಯಲ್ಲ. ಭಾಷೆ ಗೊತ್ತಿಲ್ಲದವನು ಉದ್ದ ವಾಕ್ಯವನ್ನು ತಿರುಗಿ ಹೇಳಲಾರ, ಅದು ನೆನಪಿನಲ್ಲಿ ನಿಲ್ಲುವುದಿಲ್ಲ.

ಯಂತ್ರಕ್ಕೆ ಬೇಸರವಿಲ್ಲ, ಎಷ್ಟು ಸಾವಿರ ಜನರನ್ನು ಬೇಕಾದರೂ ಕೇಳುತ್ತದೆ. ಅದೇ ಅದರ ಗುಣ. ಆದರೆ ಯಂತ್ರ ಯಾರ ದನಿ ಕೇಳಿ ಕಲಿತಿದೆಯೋ ಅಂಥವರನ್ನು ಹೆಚ್ಚು ಚೆನ್ನಾಗಿ ಅಳೆಯುತ್ತದೆ. ಮಳೆ ಬಂದರೆ ಶೀಟಿನ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸದ ನಮ್ಮ ಕೊಠಡಿಯಲ್ಲಿ ಅದನ್ನಿಟ್ಟರೆ ಏನಾದೀತು? ಜೊತೆಗೆ, ಅದು ಅಂಕ ಹೇಳುತ್ತದೆಯೇ ಹೊರತು ಹೆದರಿದ ಹುಡುಗಿಗೆ 'ಇನ್ನೊಂದು ಸಲ ಹೇಳಮ್ಮ' ಎನ್ನುವುದಿಲ್ಲ.

ಮನುಷ್ಯರೇ ಕೇಳುವುದಾದರೆ ಎಷ್ಟು ಕೆಲಸ? ರಾಜ್ಯದಲ್ಲಿ ವರ್ಷಕ್ಕೆ ಸುಮಾರು 8 ಲಕ್ಷ ಮಕ್ಕಳು ಎಸ್.ಎಸ್.ಎಲ್.ಸಿ. ಬರೆಯುತ್ತಾರೆ. ಒಬ್ಬರಿಗೆ ಐದು ನಿಮಿಷ ಎಂದರೆ 40 ಲಕ್ಷ ನಿಮಿಷ, ಅಂದರೆ 66 ಸಾವಿರ ಗಂಟೆಗೂ ಮೇಲೆ. ದಿನಕ್ಕೆ ಆರು ಗಂಟೆಯಂತೆ ಸಾವಿರ ಮೇಷ್ಟ್ರು ಕೂತರೆ 11 ದಿನ. ಪಿ.ಯು.ಸಿ. ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯನ್ನು ವರ್ಷವರ್ಷವೂ ನಡೆಸುವ ರಾಜ್ಯಕ್ಕೆ ಇದು ಆಗದ ಕೆಲಸವಲ್ಲ. ಕಷ್ಟ ಇರುವುದು ಬೇರೆ ಕಡೆ. ಬೀದರಿನ ಮೇಷ್ಟ್ರ 15 ಅಂಕವೂ ಚಾಮರಾಜನಗರದ ಮೇಡಂ ಕೊಟ್ಟ 15 ಅಂಕವೂ ಒಂದೇ ಎಂದು ನಂಬಿಸಬೇಕಲ್ಲ! ಸಿ.ಬಿ.ಎಸ್.ಇ.ಯವರು 2012ರ ಸುಮಾರಿಗೆ ಕೇಳುವ ಮತ್ತು ಮಾತಾಡುವ ಪರೀಕ್ಷೆ ತಂದು, ಕೆಲವೇ ವರ್ಷಗಳಲ್ಲಿ ಕೈಬಿಟ್ಟರು. ನಮ್ಮ ರಾಜ್ಯದ ಹತ್ತನೇ ತರಗತಿಯಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದ ಮೇಲೆ ಇಂಗ್ಲಿಷಿಗೆ 80 ಬರವಣಿಗೆಗೆ, 20 ಆಂತರಿಕ ಅಂಕ. ಆ 20ರೊಳಗೆ ಮಾತಿಗೆ ಜಾಗವಿದೆ. ನಾನು ಕಂಡಮಟ್ಟಿಗೆ ಅನೇಕ ಕಡೆ ಆ ಜಾಗ ಪ್ರಾಜೆಕ್ಟ್ ಪುಸ್ತಕಕ್ಕೆ ಹೋಗುತ್ತದೆ, ಎಲ್ಲರಿಗೂ 18, 19 ಬೀಳುತ್ತದೆ.

ರಾಜ್ಯಕ್ಕೆಲ್ಲ ಒಂದೇ ತಕ್ಕಡಿ ಬೇಕು ಎಂಬ ಹಟ ಬಿಟ್ಟರೆ ಒಂದು ಶಾಲೆಯೊಳಗೆ ಈ ಕೆಲಸ ಸಲೀಸು. ನನ್ನ ಹಳೆಯ ಸಹಪಾಠಿಗಳೂ ನಾನೂ ಕೂತು ಲೆಕ್ಕ ಹಾಕಿ ಮುಖ್ಯೋಪಾಧ್ಯಾಯರಿಗೆ ಕೊಟ್ಟಿರುವುದು ಇಷ್ಟೇ. ಒಂದು ಪೀರಿಯಡ್ಡಿನಲ್ಲಿ ಐವರನ್ನು ಮಾತ್ರ ಕೇಳುವುದು, ತಲಾ ಎರಡು ನಿಮಿಷ. ಒಟ್ಟು ಹತ್ತು ನಿಮಿಷ, ಉಳಿದ 30 ನಿಮಿಷ ಪಾಠ. 72 ಮಕ್ಕಳಿದ್ದರೂ 15 ಪೀರಿಯಡ್ಡಿನಲ್ಲಿ ಒಂದು ಸುತ್ತು ಮುಗಿಯುತ್ತದೆ, ಅಂದರೆ ಮೂರು ವಾರ. ವರ್ಷಕ್ಕೆ ಆರೇಳು ಸುತ್ತು ಬಂದರೂ ಸಾಕು. ಒಂದೇ ಸಲದ 33 ಸೆಕೆಂಡಿನ ಬದಲು ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ, ಅದೂ ಬೇರೆ ಬೇರೆ ದಿನ. ಒಂದು ದಿನ ಜ್ವರ ಬಂದರೆ ಅಂಕ ಹೋಗುವುದಿಲ್ಲ.

ಯಾರ ಸರದಿ ಎಂದು ಮೊದಲೇ ಹೇಳದೆ ಚೀಟಿ ಎತ್ತುವುದು. ಆ ಐವರು ಮಾತಾಡುವಾಗ ಉಳಿದವರು ಸುಮ್ಮನೆ ಕೂರುವುದಲ್ಲ, ಕೇಳಿದ್ದರಲ್ಲಿ ಒಂದು ಸಂಗತಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಪ್ರಭು ಅವರ ಉಪಾಯವೇ ಇದು, ಮಾತಾಡಿದವರ ಜೊತೆಗೆ ಕೇಳಿದವರ ಅಳತೆಯೂ ಆಯಿತು. ಮೇಷ್ಟ್ರ ರಿಜಿಸ್ಟರಿನಲ್ಲಿ ಮೂರೇ ಅಂಕಣ: ಹೇಳಿದ್ದು ತಿಳಿಯಿತೇ, ಕೇಳಿದ್ದಕ್ಕೆ ಉತ್ತರ ಬಂತೇ, ಕಳೆದ ಸಲಕ್ಕಿಂತ ಹೆಚ್ಚು ಮಾತಾಡಿದನೇ. 'ಇಸ್ಕೂಲು' ಎಂದದ್ದಕ್ಕೆ ಅಂಕ ಕಳೆಯುವ ಅಂಕಣ ಬೇಡವೆಂದು ನಾವು ಜಗಳ ಮಾಡಿಯೇ ತೆಗೆಸಿದೆವು. ಮನೆಯಲ್ಲಿ ಲಂಬಾಣಿಯೋ ಉರ್ದುವೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಇಂಗ್ಲಿಷಿಗೆ ಬರುವ ಮಕ್ಕಳು ನಮ್ಮಲ್ಲಿದ್ದಾರೆ. ಅವರಿಗೆ ಇದು ಮೂರನೆಯ ಮೆಟ್ಟಿಲು.

ಹತ್ತನೇ ತರಗತಿಯವರು ವಾರಕ್ಕೊಮ್ಮೆ ಎಂಟನೇ ತರಗತಿಯ ತಲಾ ನಾಲ್ವರನ್ನು ಮರದ ಕೆಳಗೆ ಕೂರಿಸಿಕೊಂಡು ಮಾತಾಡಿಸುವುದು ಇದರ ಇನ್ನೊಂದು ಭಾಗ. ಅದಕ್ಕೆ ಅಂಕವಿಲ್ಲ. ಹಿರಿಯರು ಕಿರಿಯರಿಗೆ ಅಂಕ ಹಾಕತೊಡಗಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಲಂಡನ್ನಿನ ಕಥೆಯಲ್ಲಿ ನೋಡಿದೆವಲ್ಲ. ಅಭ್ಯಾಸ ಹುಡುಗರ ಕೈಯಲ್ಲಿ, ಅಂಕ ಮೇಷ್ಟ್ರ ಕೈಯಲ್ಲಿ.

ಇಂಗ್ಲಿಷ್ ಮೇಡಂ ಇದನ್ನು ಮುಂದಿನ ಜೂನಿನಿಂದ ಎಂಟನೇ ತರಗತಿಯಲ್ಲಿ ಶುರು ಮಾಡಲು ಒಪ್ಪಿದ್ದಾರೆ. ಅವರು ಹಾಕಿದ ಷರತ್ತು ಒಂದೇ: ರಿಜಿಸ್ಟರ್ ಬರೆಯುವ ಕೆಲಸ ಈಗಿರುವ ಕಾಗದದ ಕೆಲಸದ ಮೇಲೆ ಇನ್ನೊಂದು ಹೊರೆ ಆಗಬಾರದು. ನ್ಯಾಯವಾದ ಮಾತು. ಮೂರು ಅಂಕಣದ ಹಾಳೆಗಳನ್ನು ನಮ್ಮ ಬ್ಯಾಚಿನವರು ಅಚ್ಚು ಹಾಕಿಸಿ ಹೊಲಿಸಿ ಕೊಡುತ್ತೇವೆ. ವರ್ಷದ ಕೊನೆಗೆ ಕೂಡಿಸುವ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಪಾಲಿಗೆ ಬಂದಿದೆ.